ಸಿರಸಿಯ ಆಯಿ, ನಾನ್‌ಜಿಂಗ್‌ನ ಆಯಿ

ಚೀನಾದಲ್ಲಿ ನನಗೆ ಅರ್ಥವಾದ ಮೊದಲ ಮಾತು "ಆಯಿ". 2018ರ ಸೆಪ್ಟೆಂಬರ್, ರಾತ್ರಿ ಹತ್ತೂವರೆ. ಬೆಂಗಳೂರಿನಿಂದ ಹಾಂಗ್‌ಕಾಂಗ್, ಅಲ್ಲಿಂದ ನಾನ್‌ಜಿಂಗ್ ತಲುಪಿ, ಎರಡು ಸೂಟ್‌ಕೇಸ್ ಎಳೆದುಕೊಂಡು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್ ಬಾಗಿಲಲ್ಲಿ ನಿಂತಿದ್ದೆ. ಒಳಗಿದ್ದ ಹುಡುಗಿಯೊಬ್ಬಳು ನನ್ನನ್ನು ನೋಡಿ, ಪಕ್ಕದ ಕೋಣೆ ಕಡೆ ತಿರುಗಿ "ಆಯೀ!" ಅಂತ ಕೂಗಿದಳು. ನಾನು ಬೆಚ್ಚಿಬಿದ್ದೆ. ಸಿರಸಿ ಕಡೆ ನಮ್ಮ ಹವ್ಯಕರ ಮನೆಗಳಲ್ಲಿ ಅಮ್ಮನನ್ನು ಕರೆಯುವುದೇ ಹಾಗೆ. ನಿದ್ದೆಗಣ್ಣಿನಲ್ಲಿ ಒಂದು ಕ್ಷಣ ನಮ್ಮ ಆಯಿಯೇ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರ್ತಾಳೇನೋ ಅನ್ನಿಸಿತು. ಬಂದವರು ಬೇರೆ. ಐವತ್ತು ದಾಟಿದ ಹೆಂಗಸು, ಕತ್ತರಿಸಿದ ಕೂದಲು, ಕೈಯಲ್ಲಿ ದೊಡ್ಡ ಬೀಗದಕೈ ಗೊಂಚಲು. ನನ್ನ ಸೂಟ್‌ಕೇಸ್ ನೋಡಿ, ನನ್ನ ಮುಖ ನೋಡಿ, ಉದ್ದಕ್ಕೆ ಏನೋ ಬೈದರು. ಹನ್ನೊಂದಕ್ಕೆ ಬಾಗಿಲು ಹಾಕ್ತೀವಿ, ಇಷ್ಟು ಹೊತ್ತು ಮಾಡೋದಾ ಅಂತ ಬೈದದ್ದು ಅನ್ನೋದು ಆರು ತಿಂಗಳ ಮೇಲೆ ಗೊತ್ತಾಯಿತು.

ಚೀನೀ ಭಾಷೆಯಲ್ಲಿ ಆಯಿ ಅಂದ್ರೆ ಚಿಕ್ಕಮ್ಮ ಇದ್ದ ಹಾಗೆ. ಅಮ್ಮನ ವಯಸ್ಸಿನ ಯಾರನ್ನು ಬೇಕಾದರೂ ಹಾಗೆ ಕರೆಯಬಹುದು. ಹಾಸ್ಟೆಲ್ ಕಾಯುವವರು ಆಯಿ, ಕ್ಯಾಂಟೀನಿನಲ್ಲಿ ಬಡಿಸುವವರು ಆಯಿ, ರಸ್ತೆ ಗುಡಿಸುವವರೂ ಆಯಿ. ಮೊದಲ ಅಕ್ಷರ ಸಮವಾಗಿ ಎಳೆದು, ಎರಡನೆಯದನ್ನು ಪ್ರಶ್ನೆ ಕೇಳಿದ ಹಾಗೆ ಮೇಲಕ್ಕೆ ಏರಿಸಬೇಕು. ಶಾಲೆಯಿಂದ ಬಂದು ಹಸಿವಲ್ಲಿ ಅಡುಗೆಮನೆ ಕಡೆ ಕೂಗುವ ರಾಗವೇ ಅದು. ಅದೊಂದು ಪದದ ಉಚ್ಚಾರ ನನಗೆ ಯಾರೂ ತಿದ್ದಬೇಕಾಗಲಿಲ್ಲ.

ಮುಂದೆ ಓದುವಾಗ ಗೊಂದಲ ಆಗಬಾರದು ಅಂತ ಒಂದು ಸುಳಿವು. ಆಯಿ ಬೈದಳು ಅಂದ್ರೆ ಸಿರಸಿಯವಳು, ಆಯಿ ಬೈದರು ಅಂದ್ರೆ ನಾನ್‌ಜಿಂಗ್‌ನವರು.

ಮೊದಲ ತಿಂಗಳು ಪಾಠಕ್ಕಿಂತ ಸರತಿಯಲ್ಲಿ ನಿಂತದ್ದೇ ಜಾಸ್ತಿ. ಬಂದ 24 ಗಂಟೆಯೊಳಗೆ ಪೊಲೀಸರಲ್ಲಿ ವಿಳಾಸ ದಾಖಲಾಗಬೇಕು. 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ವೈದ್ಯಕೀಯ ತಪಾಸಣೆ. ಎಕ್ಸ್‌ರೇ, ಇಸಿಜಿ, ರಕ್ತ, ಕಣ್ಣು, ಒಂದೊಂದು ಕೋಣೆಯಲ್ಲೂ ಒಂದೊಂದು ಮುದ್ರೆ. ಊರಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಂಡು ಹೋದದ್ದನ್ನು ಯಾರೂ ತಿರುಗಿ ಕೂಡ ನೋಡಲಿಲ್ಲ.

ಅಸಲಿ ತಾಪತ್ರಯ ಅಂದ್ರೆ ನನ್ನ ಹೆಸರು. ನಮ್ಮಲ್ಲಿ ಎಷ್ಟೋ ಜನರ ಹಾಗೆ ನನ್ನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗ ಖಾಲಿ. ನನ್ನ ಹೆಸರು, ಅಪ್ಪಯ್ಯನ ಹೆಸರು, ಕೊನೆಗೆ ಹೆಗಡೆ, ಮೂರೂ ಸೇರಿ ಒಂದೇ ಗೆರೆ. ಚೀನಾದ ಪ್ರತಿ ಅರ್ಜಿಯಲ್ಲೂ ಮೊದಲು ಕೇಳುವುದೇ ಮನೆತನದ ಹೆಸರು. ಒಬ್ಬರು ಹೆಗಡೆಯನ್ನು ಮುಂದೆ ತಂದರು, ಇನ್ನೊಬ್ಬರು ಮೂರನ್ನೂ ನಡುವೆ ಜಾಗವೇ ಇಲ್ಲದೆ ಒಂದೇ ಸರಪಳಿ ಮಾಡಿದರು. ಬ್ಯಾಂಕಿನಲ್ಲಿ ಒಂದು ತರಹ, ಮೊಬೈಲ್ ಸಿಮ್‌ನಲ್ಲಿ ಇನ್ನೊಂದು ತರಹ. ಎರಡೂ ಒಂದೇ ಇರದಿದ್ರೆ ಆಗ ವೀಚಾಟ್‌ನಲ್ಲಿ, ಅಂದ್ರೆ ಅಲ್ಲಿ ಮಾತಿಗೂ ದುಡ್ಡಿಗೂ ಬಳಸುವ ಆ್ಯಪ್‌ನಲ್ಲಿ, ದುಡ್ಡು ಕೊಡೋದು ಶುರುವೇ ಆಗ್ತಿರಲಿಲ್ಲ. ಅದು ಇಲ್ಲದೆ ಅಲ್ಲಿ ಬದುಕೋದು ಕಷ್ಟ. ರಸ್ತೆ ಬದಿಯಲ್ಲಿ ಡ್ರಮ್ಮಿನೊಳಗೆ ಸಿಹಿಗೆಣಸು ಸುಡುವ ಅಜ್ಜನೂ ಕ್ಯೂಆರ್ ಕೋಡನ್ನು ಕೊರಳಿಗೆ ನೇತುಹಾಕಿಕೊಂಡಿದ್ದ. ನನ್ನ ನೂರರ ನೋಟು ನೋಡಿ ಚಿಲ್ಲರೆ ಇಲ್ಲ ಅಂತ ಕೈ ಆಡಿಸಿದ. ಬ್ಯಾಂಕಿಗೆ ಮೂರು ಸಲ ಅಲೆದೆ. ಮೂರನೇ ಸಲ ಹಾಸ್ಟೆಲ್ ಆಯಿಯೇ ಜೊತೆಗೆ ಬಂದು, ಕೌಂಟರಿನ ಹುಡುಗನಿಗೆ ನನ್ನ ಪಾಸ್‌ಪೋರ್ಟನ್ನು ಅಕ್ಷರ ಅಕ್ಷರವಾಗಿ ಬೆರಳಿಟ್ಟು ತೋರಿಸಿದರು. ಆಯಿಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ. ಚಿತ್ರ ತಾಳೆ ನೋಡಿದ ಹಾಗೆ ನೋಡಿದರು, ಅಷ್ಟೇ. ಕೆಲಸ ಆಯಿತು.

ಭಾಷಾ ತರಗತಿಯಲ್ಲಿ ಮೇಡಂ ಚೀನೀ ಹೆಸರು ಇಟ್ಟಾಗ ಈ ಸಮಸ್ಯೆ ಒಂದೇ ನಿಮಿಷದಲ್ಲಿ ಬಗೆಹರಿಯಿತು. ಹೆಗಡೆ ಅಂದೆ. ಅವರು "ಹ" ಅಂದರು. ಅದು ಅಲ್ಲಿನ ಒಂದು ಮಾಮೂಲಿ ಮನೆತನದ ಹೆಸರು. ನಮ್ಮ ಅಜ್ಜನಿಗೆ ಗೊತ್ತಾಗಿದ್ರೆ ಬಿದ್ದುಬಿದ್ದು ನಗ್ತಿದ್ದ.

ಮೊದಲ ವರ್ಷ ಬರೀ ಭಾಷೆ, ಆಮೇಲೆ ಎಂ.ಎಸ್‌ಸಿ. ಸರ್ಕಾರದ ವಿದ್ಯಾರ್ಥಿವೇತನ ತಿಂಗಳಿಗೆ 3000 ಯುವಾನ್, ಆಗಿನ ಲೆಕ್ಕದಲ್ಲಿ ಸುಮಾರು ಮೂವತ್ತು ಸಾವಿರ ರೂಪಾಯಿ. ಹಾಸ್ಟೆಲ್ ಪುಕ್ಕಟೆ. ಬೆಳಿಗ್ಗೆ ಎಂಟಕ್ಕೇ ಪಾಠ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಚೀನೀ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿ ಇದೆ, ಪಿನ್‌ಯಿನ್ ಅಂತ. ಅದರಲ್ಲಿ ಬಿ ಅಂತ ಬರೆದದ್ದು ನಿಜವಾಗಿ ನಮ್ಮ "ಪ", ಪಿ ಅಂತ ಬರೆದದ್ದು ಉಸಿರು ಬಿಟ್ಟು ಹೇಳುವ ಮಹಾಪ್ರಾಣದ "ಫ". ಡಿ ಮತ್ತು ಟಿ ಕೂಡ ಹಾಗೇ, "ತ" ಮತ್ತು "ಥ". ತರಗತಿಯಲ್ಲಿ ಎಲ್ಲರೂ ಬಾಯಿ ಮುಂದೆ ಕಾಗದ ಹಿಡಿದು, ಅದು ಅಲುಗಾಡುತ್ತಾ ನೋಡಿಕೊಂಡು ತಿಂಗಳುಗಟ್ಟಲೆ ಒದ್ದಾಡಿದರು. ನಾನು ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ, ಮುಗೀತು. ನಿಜ ಹೇಳಬೇಕಂದ್ರೆ ನಮ್ಮೂರಲ್ಲಿ ಮಹಾಪ್ರಾಣ ಯಾರು ಹೇಳ್ತಾರೆ ಬಿಡಿ. ಒಂದನೇ ಕ್ಲಾಸಿನಲ್ಲಿ ಅಕ್ಕೋರ ಹತ್ತಿರ ಬೈಸಿಕೊಂಡು ಕಲಿತದ್ದು ಇಲ್ಲಿ ಬಂದು ಉಪಯೋಗಕ್ಕೆ ಬಿತ್ತು. ಆದರೆ ಸ್ವರದ ಏರಿಳಿತದಲ್ಲಿ ನಾನೂ ಎಲ್ಲರ ಹಾಗೇ ಮುಗ್ಗರಿಸಿದೆ. "ಮಾಯ್" ಅನ್ನೋದನ್ನು ಇಳಿಸಿ ಏರಿಸಿದ್ರೆ ಕೊಳ್ಳುವುದು, ಸುಮ್ನೆ ಇಳಿಸಿದ್ರೆ ಮಾರುವುದು. ಎರಡು ತಿಂಗಳು ಅಂಗಡಿಗೆ ಹೋಗಿ ನಾನು ಸೇಬು ಮಾರ್ತೀನಿ ಅಂತಲೇ ಹೇಳ್ತಿದ್ದೆ. ಅವರು ಪಾಪ ಕೊಡ್ತಿದ್ದರು.

ಊಟದ ವಿಷಯ. ನಾನ್‌ಜಿಂಗ್ ಬಾತುಕೋಳಿಯ ಊರು. ಉಪ್ಪು ಹಾಕಿದ ಬಾತು, ಹುರಿದ ಬಾತು, ಬಾತಿನ ರಕ್ತ ಗಟ್ಟಿ ಮಾಡಿ ಶಾವಿಗೆ ಜೊತೆ ಕುದಿಸಿದ ಸಾರು, ಮೂಲೆ ಮೂಲೆಯಲ್ಲೂ ಅದೇ. ನಾನು ಹುಟ್ಟಿದಾಗಿಂದ ಸಸ್ಯಾಹಾರಿ. ಮಾಂಸ ಬೇಡ ಅಂದ್ರೆ ದೊಡ್ಡ ತುಂಡು ತೆಗೆದು, ಕೊಚ್ಚಿದ ಹಂದಿಮಾಂಸ ಹಾಗೇ ಬಿಟ್ಟು ಕೊಡ್ತಿದ್ದರು. ಅದು ರುಚಿಗೆ ಹಾಕಿದ್ದು, ಮಾಂಸದ ಲೆಕ್ಕಕ್ಕೆ ಬರೋದಿಲ್ಲ ಅಂತ. ಸರಿಯಾದ ಮಾತು "ವೋ ಛ ಸೂ", ನಾನು ಸಸ್ಯಾಹಾರ ತಿನ್ನೋಳು. ಬೌದ್ಧ ಸನ್ಯಾಸಿಗಳ ಊಟಕ್ಕೆ ಬಳಸುವ ಪದ ಅದು, ಹೇಳಿದ ಕೂಡಲೇ ಜನರ ಮುಖದಲ್ಲಿ ಸ್ವಲ್ಪ ಗೌರವ ಬರುತ್ತದೆ. ಕ್ಯಾಂಟೀನಿನಲ್ಲಿ ಹುಳಿಖಾರದ ಆಲೂಗಡ್ಡೆ ಎಳೆ, ತೋಫು, ಅನ್ನ. ಭಾನುವಾರ ಜಿಮಿಂಗ್ ದೇವಸ್ಥಾನಕ್ಕೆ ಹೋದರೆ ಅಲ್ಲಿನ ಊಟದ ಮನೆಯಲ್ಲಿ ಅಣಬೆ ಹಾಕಿದ ನೂಡಲ್ಸ್, ಕಿಟಕಿಯಾಚೆ ಹಳೆಯ ಕೋಟೆಗೋಡೆ. ಟೊಮೆಟೊ ಜೊತೆ ಮೊಟ್ಟೆ ಹುರಿಯುವ ಒಂದು ಪಲ್ಯ ಎಲ್ಲ ಕಡೆ ಸಿಗುತ್ತದೆ. ನವೆಂಬರ್‌ನಲ್ಲಿ ಒಂದು ದಿನ ಚಳಿ ತಡೆಯದೆ ಅದನ್ನೂ ತಿಂದುಬಿಟ್ಟೆ. ಊರಿನ ಆಯಿಗೆ ಇವತ್ತಿನವರೆಗೂ ಹೇಳಿಲ್ಲ. ಇದನ್ನು ಓದಿದ್ರೆ ಗೊತ್ತಾಗುತ್ತದೆ.

ಕ್ಯಾಂಟೀನಿನ ಸಿಚುವಾನ್ ಅಡುಗೆಯ ಕಿಟಕಿಯಲ್ಲಿ ಬಾಯಿ ಜುಮ್ಮೆನ್ನಿಸುವ ಒಂದು ಕಾಳು ಹಾಕ್ತಾರೆ, ಹ್ವಾಜಿಯಾವ್ ಅಂತ. ಉಳಿದ ವಿದೇಶಿ ಹುಡುಗರೆಲ್ಲ ನಾಲಿಗೆ ಸತ್ತುಹೋಯಿತು ಅಂತ ಕುಣಿದರು. ನನಗೆ ವಾಸನೆ ಬಂದಾಗಲೇ ಗೊತ್ತಾಯಿತು, ಇದು ನಮ್ಮ ಜುಮ್ಮನಕಾಯಿಯ ನೆಂಟ ಅಂತ.

ಊರಿನಿಂದ ತಂದದ್ದರಲ್ಲಿ ಮುಖ್ಯವಾದದ್ದು ನೀಲಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬ. ಅದರ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ. ಆಯಿ ಮೂರು ಕವರ್ ಸುತ್ತಿ, ಟೇಪ್ ಹಾಕಿ, ಮೇಲಿಂದ ಅಪ್ಪಯ್ಯನ ಹಳೆಯ ಪಂಚೆ ಸುತ್ತಿ ಕೊಟ್ಟಿದ್ದಳು. ಆದರೂ ಸೋರಿತ್ತು. ನನ್ನ ಕೋಣೆಯಿಂದ ಬರುವ ಘಮ ಏನು ಅಂತ ನೋಡಲು ಆಯಿ ಒಂದು ಸಂಜೆ ಮೇಲೆ ಬಂದರು. ಒಂದು ಮಿಡಿ ಕೊಟ್ಟೆ. ಅಂಚು ಕಚ್ಚಿ ನೋಡಿ ಅಂತ ಹೇಳುವಷ್ಟು ಚೀನೀ ನನಗೆ ಬರ್ತಿರಲಿಲ್ಲ. ಇಡೀ ಮಿಡಿಯನ್ನು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ, ಹೆಗಲು ಕುಗ್ಗಿಸಿ, "ಸ್ವಾನ್!" ಅಂದರು. ಹುಳಿ. ಆಮೇಲೆ ಇನ್ನೊಂದು ಕೇಳಿದರು.

ಡಿಸೆಂಬರ್ ಹೊತ್ತಿಗೆ ಡಬ್ಬ ಖಾಲಿಯಾಯಿತು. ಕೊನೆಯ ನಾಲ್ಕು ಮಿಡಿ ಡಬ್ಬ ಸಮೇತ ಆಯಿಗೆ ಕೊಟ್ಟಿದ್ದೆ. ವಾರದ ಮೇಲೆ ಅದೇ ಡಬ್ಬ ವಾಪಸ್ ಬಂತು, ತುಂಬ ಒಣಗಿಸಿದ ಮೂಲಂಗಿ ಉಪ್ಪಿನಕಾಯಿ. ಖಾಲಿ ಡಬ್ಬ ವಾಪಸ್ ಕೊಡಬಾರದು ಅನ್ನೋದು ಅಲ್ಲಿಯೂ ಇದೆ ಅಂತಾಯಿತು. ನಾನು ಚಿತ್ರಾನ್ನ ಹಾಕಿ ಕೊಟ್ಟೆ. ಹೀಗೆ ಅದು ಓಡಾಡುತ್ತಲೇ ಇತ್ತು.

ಚಳಿ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಚೀನಾದಲ್ಲಿ ಚಿನ್‌ಲಿಂಗ್ ಬೆಟ್ಟ ಮತ್ತು ಹ್ವಾಯ್ ನದಿ ಸೇರಿಸಿ ಒಂದು ಗೆರೆ ಎಳೆದಿದ್ದಾರೆ. 1950ರ ದಶಕದಿಂದಲೂ ಆ ಗೆರೆಯ ಉತ್ತರಕ್ಕೆ ಮಾತ್ರ ಮನೆಮನೆಗೆ ಬಿಸಿ ನೀರಿನ ಕೊಳವೆಯ ಶಾಖ. ನಾನ್‌ಜಿಂಗ್ ಗೆರೆಯ ದಕ್ಷಿಣಕ್ಕೆ. ಹಾಗಂತ ಚಳಿಗೇನು ಕಡಿಮೆ ಇಲ್ಲ, ಜನವರಿ ರಾತ್ರಿ ಸೊನ್ನೆಯ ಆಸುಪಾಸು, ಜೊತೆಗೆ ತೇವ. ಹೊರಗಿಗಿಂತ ಕೋಣೆಯೊಳಗೇ ಜಾಸ್ತಿ ಚಳಿ. ಆಯಿ ಒಂದು ರಬ್ಬರ್ ಬಿಸಿನೀರಿನ ಚೀಲ ಕೊಟ್ಟರು, ಕೆಂಪು ಫ್ಲಾಸ್ಕ್ ಒಂದನ್ನು ತಂದುಕೊಟ್ಟರು. ಎಲ್ಲರೂ ಸಂಜೆ ಅಂಥದ್ದೇ ಫ್ಲಾಸ್ಕ್ ಹಿಡಿದು ನೀರು ಕುದಿಯುವ ಕೋಣೆಗೆ ಹೋಗಿ ತುಂಬಿಸಿಕೊಂಡು ಬರಬೇಕು. ನೆಗಡಿಯಾದರೆ ಬಿಸಿನೀರು ಕುಡಿ, ಹೊಟ್ಟೆನೋವಾದರೆ ಬಿಸಿನೀರು ಕುಡಿ, ಪರೀಕ್ಷೆ ಚೆನ್ನಾಗಿ ಆಗಲಿಲ್ಲ ಅಂದ್ರೂ ಬಿಸಿನೀರು ಕುಡಿ ಅಂದರು.

ವಾಟ್ಸಾಪ್ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಅಪ್ಪಯ್ಯನ ಫೋನಿಗೆ ವೀಚಾಟ್ ಹಾಕಿಸಿದ್ದೆ. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ತುಳಸಿಕಟ್ಟೆ ಹತ್ತಿರ ಮಾತ್ರ. ಒಂದು ದಿನ ನಾನು ಕೆಳಗಿನ ಮಹಡಿಯಲ್ಲಿ ಕೂತು ವಿಡಿಯೋ ಕಾಲ್ ಮಾಡುವಾಗ ಆಯಿ ಹಿಂದಿನಿಂದ ಬಂದು ಮುಖ ತೂರಿಸಿದರು. "ಛ ಲ ಮಾ?" ಅಂತ ಕೇಳಿದರು. ಊಟ ಆಯ್ತಾ ಅಂತ. ಅದೇ ಹೊತ್ತಿಗೆ ಆ ಕಡೆಯಿಂದ ಆಯಿ "ಅವರದ್ದು ಊಟ ಆತನೇ ಕೂಸೇ, ಕೇಳು" ಅಂದಳು. ಇಬ್ಬರಿಗೂ ನಾನು ಅನುವಾದ ಮಾಡಬೇಕಾದ ಅಗತ್ಯವೇ ಬೀಳಲಿಲ್ಲ, ಇಬ್ಬರೂ ಕೈಯಲ್ಲಿ ತುತ್ತು ಮಾಡಿ ತೋರಿಸಿಕೊಂಡು ಐದು ನಿಮಿಷ ಮಾತಾಡಿದರು.

ಒಬ್ಬಳೇ ತಿರುಗೋಕೆ ಶುರು ಮಾಡಿದ್ದು ಮೊದಲ ಸೆಮಿಸ್ಟರ್ ಮುಗಿದ ಮೇಲೆ. ಮೊದಲ ಪ್ರಯಾಣ ಹಾಂಗ್‌ಝೋಗೆ, ಬೆಳಿಗ್ಗೆ ಹೋಗಿ ರಾತ್ರಿ ಬರೋದು. ನಾನ್‌ಜಿಂಗ್ ಅಂದ್ರೆ ದಕ್ಷಿಣ ರಾಜಧಾನಿ. ಅಲ್ಲಿ ದೊಡ್ಡ ರೈಲು ನಿಲ್ದಾಣ ಎರಡು. ಒಂದು ಷ್ವಾನ್‌ವು ಕೆರೆ ಎದುರಿನ ನಾನ್‌ಜಿಂಗ್, ಇನ್ನೊಂದು ನಾನ್‌ಜಿಂಗ್ ನಾನ್, ಅಂದ್ರೆ ದಕ್ಷಿಣ ರಾಜಧಾನಿಯ ದಕ್ಷಿಣ. ಟಿಕೆಟ್ಟಿನ ಕೊನೆಯಲ್ಲಿ ಮತ್ತೊಂದು ಸಲ ಇದ್ದ "ನಾನ್" ಅಕ್ಷರವನ್ನು ನಾನು ನೋಡಿದ್ದೆ, ಏನೋ ಅಲಂಕಾರಕ್ಕೆ ಇರಬೇಕು ಅಂದುಕೊಂಡೆ. ಕೆರೆ ಎದುರು ಹೋಗಿ ನಿಂತೆ. ನನ್ನ ರೈಲು ಹೊರಟಿದ್ದು ಮೆಟ್ರೋದಲ್ಲಿ ಅರ್ಧ ಗಂಟೆಗೂ ಮೀರಿದ ದೂರದಲ್ಲಿ. ಅಲ್ಲಿಗೆ ಓಡಿ ಹೋಗಿ, ಕೌಂಟರಿನಲ್ಲಿ ಅಳುಮುಖ ಮಾಡಿ "ಆಯಿ" ಅಂದೆ. ಅವರಿಗೆ ನನಗಿಂತ ನಾಲ್ಕೈದು ವರ್ಷ ಜಾಸ್ತಿ ಇದ್ದಿರಬಹುದು. ಅಕ್ಕ ಅನ್ನಬೇಕಿತ್ತು. ಮುಖ ಗಂಟಿಕ್ಕಿದರೂ ಅದೇ ದಿನದ ಬೇರೆ ರೈಲಿಗೆ ಟಿಕೆಟ್ ಬದಲಿಸಿ ಕೊಟ್ಟರು.

ಆದರೆ ಬುಲೆಟ್ ರೈಲಿನಲ್ಲಿ ಏನೂ ನಡೆಯುವುದಿಲ್ಲ. ಎಲ್ಲರೂ ಫೋನ್ ನೋಡ್ತಾ ಕೂತಿರ್ತಾರೆ. ಪ್ರಯಾಣ ಅಂದ್ರೆ ನನ್ನ ಪಾಲಿಗೆ ಹಳೆಯ ನಿಧಾನದ ರೈಲಿನ ಗಟ್ಟಿ ಸೀಟು. 2019ರ ಏಪ್ರಿಲ್‌ನಲ್ಲಿ ಚಿಂಗ್‌ಮಿಂಗ್ ರಜೆ, ಅವರು ಹಿರಿಯರ ಸಮಾಧಿಗೆ ಹೋಗಿ ಗುಡಿಸಿ ಎಡೆ ಇಡುವ ಹಬ್ಬ. ಮೂರು ದಿನ ಸಿಕ್ಕಿತು, ಲ್ವೊಯಾಂಗ್‌ಗೆ ಹೊರಟೆ. ಆಯಿ ನಮ್ಮ ಡಬ್ಬದಲ್ಲಿ ಚಿಂಗ್‌ಥ್ವಾನ್ ತುಂಬಿ ಕೊಟ್ಟರು, ಹಸಿರು ಬಣ್ಣದ ಅಕ್ಕಿ ಉಂಡೆ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಹೊರಡುವಾಗ, ಒಬ್ಬಳೇ ಯಾಕೆ ಹೋಗ್ತೀಯಾ, ಜೊತೆಗೆ ಯಾರೂ ಇಲ್ವಾ ಅಂತ ಬೈದರು. ಅದಕ್ಕೂ ಹಿಂದಿನ ರಾತ್ರಿ ತುಳಸಿಕಟ್ಟೆ ಹತ್ತಿರದಿಂದ ಆಯಿ ಅದೇ ಬೈಗುಳ ಬೈದಳು.

ಮಧ್ಯಾಹ್ನ ಹೊರಟರೆ ರಾತ್ರಿ ಹತ್ತಕ್ಕೆ ತಲುಪುವ ರೈಲು. ಸೀಟು ಇಲ್ಲದವರಿಗೂ ಅದೇ ದರಕ್ಕೆ ನಿಲ್ಲುವ ಟಿಕೆಟ್ ಕೊಡುತ್ತಾರೆ, ಹಾಗಾಗಿ ನಡೆಯುವ ಜಾಗದಲ್ಲೆಲ್ಲ ಜನ, ಮಡಚುವ ಪುಟ್ಟ ಸ್ಟೂಲು, ಅಕ್ಕಿ ಮೂಟೆ. ಬೋಗಿಯ ಕೊನೆಯಲ್ಲಿ ಕುದಿಯುವ ನೀರಿನ ನಲ್ಲಿ, ಎಲ್ಲರ ಕೈಯಲ್ಲೂ ನೂಡಲ್ಸ್ ಡಬ್ಬಿ. ನನ್ನ ಎದುರಿಗೆ ಕೂತ ಹೆಂಗಸು ಸೂರ್ಯಕಾಂತಿ ಬೀಜ ಬಿಡಿಸಿಕೊಂಡು ಕೇಳಿದ ಪ್ರಶ್ನೆಗಳು: ಯಾವ ದೇಶ, ವಯಸ್ಸೆಷ್ಟು, ಮದುವೆ ಆಗಿದೆಯಾ, ಯಾಕಾಗಿಲ್ಲ, ಅಪ್ಪ ಏನು ಮಾಡ್ತಾರೆ, ವರ್ಷಕ್ಕೆ ಎಷ್ಟು ಬರುತ್ತೆ. ಸಿರಸಿ-ಹುಬ್ಬಳ್ಳಿ ಬಸ್ಸಿನಲ್ಲಿ ಕೂತ ಹಾಗಾಯಿತು. ಅಪ್ಪಯ್ಯನ ಅಡಿಕೆ ತೋಟ ಅಂದೆ. ಅಡಿಕೆಗೆ ಚೀನೀ ಪದ ಗೊತ್ತಿತ್ತು, ಬಿನ್‌ಲಾಂಗ್, ಅವರು ಹುನಾನ್ ಕಡೆ ಎಲ್ಲರೂ ಅಗಿಯುತ್ತಾರೆ ಅಂದರು. ಭಾರತ ಅಂದ ಕೂಡಲೇ ಪಕ್ಕದ ಹುಡುಗ "ಮೀ ಶೂ!" ಅಂದ. ಆಮೀರ್ ಖಾನ್‌ಗೆ ಅಲ್ಲಿ ಇಟ್ಟಿರುವ ಹೆಸರು ಅದು, "ಶೂ" ಅಂದ್ರೆ ಚಿಕ್ಕಪ್ಪ. ಎಲ್ಲರನ್ನೂ ನೆಂಟರು ಮಾಡಿಕೊಳ್ಳದಿದ್ರೆ ಇವರಿಗೆ ಸಮಾಧಾನ ಇಲ್ಲ. ಆ ಹೆಂಗಸು ಪ್ಯಾಕೆಟ್ ಹರಿದು ಕೋಳಿ ಕಾಲು ಕೊಟ್ಟರು. ವೋ ಛ ಸೂ ಅಂದೆ. ಬುದ್ಧನ ಭಕ್ತಳಾ ಅಂತ ಕೇಳಿದರು, ಹೂಂ ಅಂದುಬಿಟ್ಟೆ, ಅಷ್ಟೆಲ್ಲ ವಿವರಿಸಲು ನನ್ನ ಹತ್ತಿರ ಪದ ಇರಲಿಲ್ಲ. ಕಿತ್ತಳೆ ಸುಲಿದು ಕೊಟ್ಟರು. ನಾನು ಡಬ್ಬ ತೆರೆದೆ.

ಲ್ವೊಯಾಂಗ್‌ನಲ್ಲಿ ಇಳಿದಾಗ ಹತ್ತು ದಾಟಿತ್ತು. ಆ್ಯಪ್‌ನಲ್ಲಿ ದುಡ್ಡು ಕಟ್ಟಿದ್ದ ಸಣ್ಣ ವಸತಿಗೃಹಕ್ಕೆ ಹೋದರೆ, ಪಾಸ್‌ಪೋರ್ಟ್ ನೋಡಿ ತಲೆ ಅಲ್ಲಾಡಿಸಿದರು. ಆಗ ಸಣ್ಣ ಜಾಗಗಳು ವಿದೇಶಿಯರನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಅವರ ಕಂಪ್ಯೂಟರಿನಲ್ಲಿ ಪಾಸ್‌ಪೋರ್ಟ್ ನಮೂದಿಸುವ ವ್ಯವಸ್ಥೆಯೇ ಇರಲಿಲ್ಲ. ಹಬ್ಬದ ರಜೆ, ಪಿಯೋನಿ ಹೂವಿನ ಕಾಲ ಬೇರೆ, ಊರೆಲ್ಲ ಭರ್ತಿ. ನಿಜವಾಗಿ ಹೆದರಿದ್ದು ಅಲ್ಲೊಂದೇ ಸಲ. ಅದಕ್ಕೂ ಮೊದಲು, ಆಮೇಲೆ, ರಾತ್ರಿ ಹನ್ನೊಂದಕ್ಕೂ ಒಬ್ಬಳೇ ನಡೆದಿದ್ದೇನೆ, ಊರಲ್ಲಿ ಇರದಷ್ಟು ಧೈರ್ಯದಲ್ಲಿ. ಕೇಳದೇ ಫೋಟೋ ತೆಗೆಯುವವರ ಕಾಟ ಇದೆ, ಅಷ್ಟೇ. ಕೌಂಟರಿನ ಹಿಂದೆ ನೆಲ ಒರೆಸುತ್ತಿದ್ದ ಆಯಿ ಬಕೆಟ್ ಇಟ್ಟು ಎದ್ದರು. ನಾಲ್ಕು ಕಡೆ ಫೋನ್ ಮಾಡಿದರು. ಆಮೇಲೆ ತಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಹಿಂದೆ ಕೂರಿಸಿಕೊಂಡು, ನನ್ನ ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು, ಎರಡು ಮೈಲಿ ದೂರದ ದೊಡ್ಡ ಹೋಟೆಲಿಗೆ ಬಿಟ್ಟು, ಅಲ್ಲಿ ದರ ಜಗಳ ಮಾಡಿ ಇಳಿಸಿ ಹೋದರು. ಅವರ ಹೆಸರು ಕೇಳಲಿಲ್ಲ. ಆಯಿ ಅನ್ನೋ ಪದ ಇದ್ದರೆ ಹೆಸರು ಕೇಳೋದು ಮರೆತುಹೋಗುತ್ತದೆ, ಅದೊಂದು ತೊಂದರೆ.

ಮಾರನೇ ದಿನ ಲಾಂಗ್‌ಮನ್ ಗುಹೆಗಳು. ಯಿ ನದಿಯ ದಂಡೆಯ ಬಂಡೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗುಹೆ, ಗೂಡು. ಬೆರಳಷ್ಟು ಬುದ್ಧನಿಂದ ಹಿಡಿದು 17.14 ಮೀಟರ್ ಎತ್ತರದ ಬುದ್ಧನವರೆಗೆ. ಆ ದೊಡ್ಡದನ್ನು 675ರಲ್ಲಿ ಮುಗಿಸಿದರು. ವೂ ಝತಿಯನ್ ರಾಣಿ ತನ್ನ ಶೃಂಗಾರದ ಖರ್ಚಿನ ಹಣದಿಂದ 20,000 ಸರ ನಾಣ್ಯ ಕೊಟ್ಟಳಂತೆ. ಸಣ್ಣ ಮೂರ್ತಿಗಳಲ್ಲಿ ಎಷ್ಟಕ್ಕೋ ತಲೆ ಇಲ್ಲ, ಕೆಲವು ಕದ್ದು ಮಾರಿದ್ದು, ಕೆಲವು ಒಡೆದದ್ದು. ಹಂಪಿ ನೋಡಿದವರಿಗೆ ಅದು ಹೊಸದಲ್ಲ. ಬಿಳಿ ಕುದುರೆ ದೇವಸ್ಥಾನಕ್ಕೆ ಮೂರನೇ ದಿನ ಹೋದೆ. ಕ್ರಿ.ಶ. 68ರಲ್ಲಿ ಕಟ್ಟಿದ್ದು ಅಂತ ಪ್ರತೀತಿ, ಕುದುರೆ ಮೇಲೆ ಗ್ರಂಥ ಹೇರಿಕೊಂಡು ಬಂದ ಕಾಶ್ಯಪ ಮಾತಂಗ, ಧರ್ಮರತ್ನ ಅನ್ನೋ ಭಾರತದ ಇಬ್ಬರು ಭಿಕ್ಷುಗಳ ಸಮಾಧಿ ಅಂಗಳದ ಎರಡು ಬದಿಗೆ ಇದೆ, ಮೇಲೆ ಹುಲ್ಲು ಬೆಳೆದ ಗುಡ್ಡೆ. ಹಬ್ಬದ ದಿನ ಅಲ್ವಾ, ಯಾರೋ ಅವರಿಗೂ ಹೂ ಇಟ್ಟಿದ್ದರು. ಅಲ್ಲೇ ಪಕ್ಕದಲ್ಲಿ ಭಾರತ ಸರ್ಕಾರ ಕಟ್ಟಿಸಿದ ಸಾಂಚಿ ಮಾದರಿಯ ದೇವಸ್ಥಾನವೂ ಇದೆ, 2010ರಲ್ಲಿ ಪ್ರತಿಭಾ ಪಾಟೀಲ್ ಉದ್ಘಾಟನೆ ಮಾಡಿದ್ದು. ಚೆನ್ನಾಗಿದೆ, ಆದರೆ ನನಗೆ ಆ ಹುಲ್ಲುಗುಡ್ಡೆಗಳ ಹತ್ತಿರವೇ ಜಾಸ್ತಿ ಹೊತ್ತು ಕೂರಬೇಕು ಅನ್ನಿಸಿತು.

ಆ ಬೇಸಿಗೆಯಲ್ಲಿ ಷಿಯಾನ್‌ಗೂ ಹೋದೆ. ಹೋಗುವ ಮುಂಚೆ ಆಯಿಗೆ ಹ್ಯೂಯೆನ್ ತ್ಸಾಂಗ್ ಕಟ್ಟಿಸಿದ ಗೋಪುರ ನೋಡಬೇಕು ಅಂದೆ, ಶಾಲೆಯಲ್ಲಿ ಓದಿದ ಉಚ್ಚಾರದಲ್ಲೇ. ಅವರಿಗೆ ತಿಳಿಯಲಿಲ್ಲ. ಭಾರತಕ್ಕೆ ಬಂದಿದ್ದ ಸನ್ಯಾಸಿ ಅಂದೆ. "ಓ, ಥಾಂಗ್ ಸಂಗ್!" ಅಂದರು. ಮಕ್ಕಳಿಗೂ ಗೊತ್ತಿರುವ ಹೆಸರು ಅದು. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ, ಅವನ ಆನೆಗಳಿಗೆ ಯುದ್ಧಕ್ಕೆ ಮೊದಲು ಹೆಂಡ ಕುಡಿಸುತ್ತಿದ್ದ ಬಗ್ಗೆ ಬರೆದಿಟ್ಟದ್ದು ಅದೇ ಮನುಷ್ಯ. 652ರಲ್ಲಿ ಅವನ ಗ್ರಂಥಗಳಿಗಾಗಿ ಕಟ್ಟಿದ ಗೋಪುರದ ಮೆಟ್ಟಿಲು ಹತ್ತಿ, ಇಳಿದು, ಎದುರಿನ ಅಂಗಡಿಯಲ್ಲಿ ಲಿಯಾಂಗ್‌ಪಿ ತಿಂದೆ. ತಣ್ಣಗಿನ ಅಗಲ ನೂಡಲ್ಸ್, ಖಾರದ ಎಣ್ಣೆ, ಮಾಂಸ ಇಲ್ಲ. ಮೂರು ದಿನ ಮೂರು ಹೊತ್ತೂ ಅದೇ.

2020ರ ಜನವರಿಯಲ್ಲಿ ವಸಂತ ಹಬ್ಬದ ರಜೆಗೆ ಊರಿಗೆ ಬಂದೆ. ಒಂದು ತಿಂಗಳಿಗೆ ಅಂತ ಒಂದು ಸಣ್ಣ ಬ್ಯಾಗು. ಹಾಸಿಗೆ, ಪುಸ್ತಕ, ಫ್ಲಾಸ್ಕ್ ಎಲ್ಲ ಅಲ್ಲೇ. ಮುಂದೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಮಾರ್ಚ್ 28ರಿಂದ ಚೀನಾ ವಿದೇಶಿಯರಿಗೆ ಬಾಗಿಲು ಹಾಕಿತು. ಭಾರತದ ವಿದ್ಯಾರ್ಥಿಗಳಿಗೆ ಮತ್ತೆ ವೀಸಾ ಕೊಡಲು ಶುರು ಮಾಡಿದ್ದು 2022ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನನ್ನ ಎಂ.ಎಸ್‌ಸಿ. ತುಳಸಿಕಟ್ಟೆ ಮೇಲೆಯೇ ಮುಗಿದಿತ್ತು, ಅಲ್ಲಿನ ಎಂಟು ಗಂಟೆ ಪಾಠ ಇಲ್ಲಿ ಬೆಳಗಿನ ಐದೂವರೆಗೆ.

2020ರ ಜೂನ್‌ನಲ್ಲಿ ಆಯಿ ವೀಚಾಟ್‌ನಲ್ಲಿ ಒಂದು ಫೋಟೋ ಕಳಿಸಿದರು. ಕೋಣೆ ಖಾಲಿ ಮಾಡಬೇಕಂತೆ, ನನ್ನ ಸಾಮಾನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದರು. ಮೇಲೆ ನನ್ನ ಚೀನೀ ಹೆಸರು, "ಹ" ಅಕ್ಷರ ಎಲ್ಲಕ್ಕಿಂತ ದೊಡ್ಡದಾಗಿ. ಪಕ್ಕದಲ್ಲಿ ಕೆಂಪು ಫ್ಲಾಸ್ಕ್, ಅದರ ಪಕ್ಕ ತೊಳೆದು ಬೋರಲು ಹಾಕಿದ ನೀಲಿ ಮುಚ್ಚಳದ ಡಬ್ಬ. ಬಂದಾಗ ಏನು ತುಂಬಿಸಿ ಕೊಡಲಿ ಅಂತ ಕೇಳಿದ್ದರು. ಮೂಲಂಗಿ ಅಂತ ಬರೆದೆ. ಅದೇ ತಿಂಗಳ 29ಕ್ಕೆ ಇಲ್ಲಿ 59 ಆ್ಯಪ್‌ಗಳನ್ನು ನಿಷೇಧ ಮಾಡಿದರು, ಅದರಲ್ಲಿ ವೀಚಾಟ್ ಕೂಡ ಇತ್ತು. ಸ್ವಲ್ಪ ದಿನಕ್ಕೆ ಅದು ತೆರೆಯುವುದೇ ನಿಂತಿತು. ಆಯಿಯ ಫೋನ್ ನಂಬರ್ ನಾನು ಬರೆದಿಟ್ಟುಕೊಂಡಿರಲಿಲ್ಲ, ಹೆಸರೂ.

ಈ ಸಲ ಮಿಡಿ ಹಾಕುವಾಗ ಆಯಿ ಅಟ್ಟದ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ಎಣಿಸಿ, ಒಂದು ಕಡಿಮೆ ಬಂತು ಅಂತ ನನ್ನ ಕಡೆ ತಿರುಗಿದಳು.

"ಆ ನೀಲಿ ಮುಚ್ಚಳದ್ದು ಎಲ್ಲಿ ಹೋತೇ ಕೂಸೇ?"